ಸಮುದ್ರ ನಿಲ್ಲಲೆಂದು ಕಾದ ಪದ್ದಕ್ಕ

ದಾರಿಯಲ್ಲಿ ಬಾವಿ ಕಂಡರೆ ಪದ್ದಕ್ಕ ಸುಮ್ಮನೆ ದಾಟುತ್ತಿರಲಿಲ್ಲ. ಬಗ್ಗಿ ಒಂದು ಹರಳು ಹಾಕುತ್ತಿದ್ದಳು, ಕಿವಿಗೊಡುತ್ತಿದ್ದಳು, "ಮೂರಾಳು ನೀರೈತಿ" ಎಂದು ಹೇಳಿಯೇ ಹೆಜ್ಜೆ ಕೀಳುತ್ತಿದ್ದಳು. ಯಾರ ಬಾವಿ, ಏನು ಬೆಳೆ ಎಂಬುದೆಲ್ಲ ಆಕೆಗೆ ಆಮೇಲಿನ ಮಾತು.

ಮೂಡಲಗಿಯಲ್ಲಿ ನಮ್ಮದೂ ಆಕೆಯದೂ ಒಂದೇ ಗೋಡೆಯ ಮನೆ. ಆಕೆ ಜೈನರ ಮನೆಯ ಹಿರಿಸೊಸೆ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ನಸುಕಿನಲ್ಲಿ ನಲ್ಲಿಯ ಬಾಯಿಗೆ ಬಿಳಿ ಅರಿವೆ ಕಟ್ಟಿ ನೀರು ಗಾಳಿಸುವುದು, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವುದು, ದಿನಕ್ಕೊಮ್ಮೆ ನನ್ನ ಸಾರಿನ ಉಪ್ಪು ನೋಡಿ "ಕೈ ಬಿಗಿ ಹಿಡಿ ಮಾರಾಯ್ತಿ" ಎನ್ನುವುದು: ಇವು ತಪ್ಪುತ್ತಿರಲಿಲ್ಲ.

ಆಕೆಯ ತವರು ಘಟಪ್ರಭೆಯ ದಂಡೆಯ ದಡ್ಡಿ. ಹುಡುಗಿಯಾಗಿದ್ದಾಗ ಬುತ್ತಿಯ ಗಂಟನ್ನು ತಲೆಗೆ ಕಟ್ಟಿಕೊಂಡು, ಹೊಳೆ ಈಸಿ, ಆಚೆ ದಂಡೆಯ ಹೊಲಕ್ಕೆ ಹೋಗುತ್ತಿದ್ದಳಂತೆ. ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ ಹೊಲದ ಬಾವಿಗೆ ದುಡುಮ್ಮನೆ ಜಿಗಿದಿದ್ದಳು. ಮಾವ ಕರೆದು, "ನಮ್ಮ ಮನಿ ಸೊಸಿ ನೀರಾಗ ಇಳಿಯೂದಿಲ್ಲ" ಎಂದರು.

"ಹೂಂ ಅಂದ್ನಿ" ಎಂದಿದ್ದಳು ನನಗೆ. "ಆ ಒಂದ ಹೂಂ ನಲವತ್ತೈದು ವರ್ಷ ನುಂಗೇತಿ ನೋಡು."

ಹೋದ ವರ್ಷದ ಹಿಂದಿನ ಚಳಿಗಾಲ. ಆಕೆಯ ಮೈದುನ, ಬೆಲ್ಲದ ವ್ಯಾಪಾರಿ ಅಪ್ಪಾಸಾಹೇಬ ಕಾಕಾ, ಬಂಧುಬಳಗವನ್ನೆಲ್ಲ ಹಡಗಿನ ಪ್ರವಾಸಕ್ಕೆ ಹೊರಡಿಸಿದ. ಘಟಪ್ರಭಾ ಸ್ಟೇಶನ್ನಿನಲ್ಲಿ ರೈಲು ಹತ್ತಿ ಮುಂಬಯಿ. ಅಲ್ಲಿಂದ ಹಡಗಿನಲ್ಲಿ ಗೋವಾ. ಅಲ್ಲೊಂದು ಹಗಲು ದಂಡೆಗಿಳಿದು ಮರಳಿ ಮುಂಬಯಿ. ನಮ್ಮೂರಿಂದ ಐದು ತಾಸಿನಲ್ಲಿ ಬಸ್ಸು ಮುಟ್ಟುವ ಗೋವಾಕ್ಕೆ ಹೀಗೆ ಮೂರು ದಿನ ಸುತ್ತಿ ಹೋಗುವುದು! ಪದ್ದಕ್ಕನ ಕೋಣೆಗೆ ಜೊತೆಯೊಬ್ಬರು ಬೇಕಿತ್ತು, ನನ್ನನ್ನು ಕರೆದಳು.

ಹಡಗು ಹತ್ತಿದ ಕೂಡಲೇ ಕೋಣೆಯ ನಲ್ಲಿಗೂ ಬಿಳಿ ಅರಿವೆ ಬಂತು. ಆಮೇಲೆ ಮೇಲಿನ ಅಂತಸ್ತಿನಲ್ಲಿ ಈಸುವ ಕೊಳ ಕಂಡಿತು. ಪದ್ದಕ್ಕ ಅದರ ಸುತ್ತ ಎರಡು ಸಲ ತಿರುಗಿ, ಅಲ್ಲಿದ್ದ ಹುಡುಗಿಯನ್ನು ಮರಾಠಿಯಲ್ಲಿ ವಿಚಾರಿಸಿದಳು. ಸೀರೆಯುಟ್ಟು ಇಳಿಯಕೂಡದು, ಈಸುವ ಉಡುಪೇ ಬೇಕು ಎಂದಳು ಆ ಹುಡುಗಿ. ಕಾಕಾನ ಮುಖದಲ್ಲಿ ನೆಮ್ಮದಿ ಮೂಡಿತು. ಪದ್ದಕ್ಕ ನನ್ನ ಕಿವಿಯಲ್ಲಿ, "ನಾಳೆ ದಂಡಿಗೆ ಇಳೀತೇವಲ್ಲ. ಅಲ್ಲೇ ಇಳಿಯಾಕಿ ನಾ. ಮತ್ತ್ಯಾವಾಗ ಸಿಗ್ತೈತಿ?" ಎಂದಳು.

ಮರುದಿನ ಒಂಬತ್ತಕ್ಕೆ ಹಡಗು ನಮ್ಮನ್ನು ಇಳಿಸಿತು. ನಾಲ್ಕಕ್ಕೆ ಎಲ್ಲರೂ ಮರಳಬೇಕು, ತಡವಾದವರಿಗೆ ಹಡಗು ಕಾಯುವುದಿಲ್ಲ. ಬಸ್ಸಿನಲ್ಲಿ ಗುಡಿ, ಚರ್ಚು, ಗೋಡಂಬಿ ಅಂಗಡಿ ಎಲ್ಲ ಮುಗಿದು ಬೀಚಿಗೆ ಬಂದಾಗ ಒಂದೂವರೆ. ನಮ್ಮವರು ಪ್ಯಾಂಟು, ಸೀರೆ ಎತ್ತಿ ಹಿಡಿದು ಪಾದ ತೋಯಿಸಿ ಫೋಟೋ ತೆಗೆಸಿಕೊಂಡರು. ಪದ್ದಕ್ಕ ಕನ್ನಡಕ, ಚಪ್ಪಲಿ ನನ್ನ ಕೈಗಿತ್ತು, ಕಚ್ಚೆಯನ್ನು ಬಿಗಿಯಾಗಿ ಸಿಕ್ಕಿಸಿದಳು. ಕಾಕಾ ಅತ್ತಿಗೆಗೆ ಎರಡೂ ಕೈ ಚಾಚಿ ಅಡ್ಡ ನಿಂತ.

"ವೈನಿ, ಏನಿದು? ಮಂದಿ ನೋಡಾಕತ್ತಾರ."

"ನೋಡ್ಲಿ. ಸಮುದ್ರ ನೋಡಾಕ ಬಂದಾರ, ನನ್ನೂ ನೋಡ್ಲಿ."

"ಗಾಳಿಸಿ ನೀರು ಕುಡಿಯಾಕಿ ನೀವು. ಇಷ್ಟು ಜೀವ ಇರೂ ನೀರಾಗ ಇಳೀತೀರಿ?"

"ನಾ ಕುಡಿಯಾಕ ಹೊಂಟಿಲ್ಲೋ ತಮ್ಮಾ, ಈಸಾಕ ಹೊಂಟೇನಿ."

"ಅಪ್ಪ ಬ್ಯಾಡ ಅಂದಿದ್ದ!"

"ನಿಮ್ಮಪ್ಪಗ ಹೂಂ ಅಂದಾಕಿ ಇಪ್ಪತ್ತು ವರ್ಷದ ಹುಡುಗಿ. ಆಕಿನ್ನ ಹುಡಿಕ್ಕೊಂಡ ಬಾ, ಕೇಳೂಣು. ಸರಿ ಬಾಜೂಕ."

ಕಾಕಾನ ಕೈ ತಾನಾಗಿ ಕೆಳಗಿಳಿಯಿತು. ಪದ್ದಕ್ಕ ಮೊಣಕಾಲು ಮಟ್ಟದ ನೀರಿಗೆ ಹೋಗಿ, ಸೊಂಟಕ್ಕೆ ಕೈಯಿಟ್ಟು ನಿಂತಳು. ಒಂದು ತೆರೆ ಬಂತು, ಹೋಯಿತು. ಇನ್ನೊಂದು ಬಂತು. ಆಕೆ ಕದಲಲಿಲ್ಲ. ಹತ್ತು ನಿಮಿಷವಾಯಿತು. ಹೆದರಿದಳೇನೋ ಎಂದು ನಾನೇ ಹತ್ತಿರ ಹೋಗಿ ಕೇಳಿದೆ.

"ಹೆದರಿಲ್ಲ. ನೀರು ನಿಂದರ್ಲಿ, ಇಳೀತೇನಿ."

ನಮ್ಮ ಕಡೆ ಬಾವಿಯಲ್ಲಿ ಒಬ್ಬರು ಜಿಗಿದರೆ, ನೀರಿನ ಹೊಯ್ದಾಟ ನಿಲ್ಲುವವರೆಗೆ ಇನ್ನೊಬ್ಬರು ಕಟ್ಟೆಯ ಮೇಲೇ ಇರಬೇಕು. ಆಕೆ ಸಮುದ್ರಕ್ಕೂ ಅದೇ ಮರ್ಯಾದೆ ಕೊಟ್ಟು ಕಾಯುತ್ತಿದ್ದಳು! ಅಷ್ಟರಲ್ಲಿ ದೊಡ್ಡ ತೆರೆಯೊಂದು ಆಕೆಯನ್ನು ಎತ್ತಿ ಮರಳಿನ ಮೇಲೆ ಕೂರಿಸಿತು. ನಮ್ಮವರು ಗೊಳ್ಳೆಂದು ನಕ್ಕರು. "ಸಾಕಾತಿಲ್ಲ, ಬರ್ರಿ" ಎಂದ ಕಾಕಾ. ಆಕೆ ಬಾಯೊಳಗಿನ ಮರಳು ಉಗುಳಿ ಎದ್ದಳು.

ಕಾವಲಿಗಿದ್ದ ಜೀವರಕ್ಷಕ ಓಡಿ ಬಂದ. ಪದ್ದಕ್ಕ ಅವನನ್ನು ಮರಾಠಿಯಲ್ಲಿ ಕೇಳಿದಳು: ಇದು ಯಾವಾಗ ನಿಲ್ಲುತ್ತದೆ? ಅವನು ನಗಲಿಲ್ಲ. "ನಿಲ್ಲುವುದೇ ಇಲ್ಲ ಆಜಿ. ತೆರೆ ಮುರಿಯುವ ಮೊದಲು ಅದರ ಹೊಟ್ಟೆಯೊಳಗೆ ತಲೆ ತೂರಿಸಿ ಆಚೆ ಹೋಗಬೇಕು. ಆ ಎರಡು ಬಾವುಟಗಳ ನಡುವೆ ಮಾತ್ರ. ನಾನೂ ಬರುತ್ತೇನೆ" ಎಂದ.

ಆಕೆ ಮುಂದಿನ ತೆರೆಗೆ ತಲೆಬಾಗಿದಳು, ಕಾಣದಾದಳು. ನಾನು ಕನ್ನಡಕವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅದರ ಕಡ್ಡಿ ಸೊಟ್ಟಗಾಯಿತು. ಆಚೆ ಬಿಳಿ ತಲೆಯೊಂದು ಎದ್ದಿತು. ಒಂದು ಕೈ, ಇನ್ನೊಂದು ಕೈ, ನಿಧಾನ, ತಪ್ಪಿಲ್ಲದೆ. ಆಮೇಲೆ ಅಂಗಾತ ಮಲಗಿ ಆಕಾಶ ನೋಡುತ್ತ ತೇಲಿದಳು.

ಎರಡೂವರೆಗೆ ಬಸ್ಸಿನ ಹಾರ್ನು ಶುರುವಾಯಿತು. ಕಾಕಾ ನೀರಿನ ಅಂಚಿನಲ್ಲಿ ಬೂಟು ತೋಯಿಸಿಕೊಂಡು ಕೂಗಿದ, "ವೈನೀ! ಹಡಗ ಬಿಟ್ಟ ಹೊಕ್ಕೈತ್ರಿ!"

ತೇಲುತ್ತಲೇ ಉತ್ತರ ಬಂತು: "ಹೋಗಂತ ಹೇಳು! ಮೂಡಲಗಿ ಇಲ್ಲಿಂದ ಐದ್ ತಾಸು. ನಾ ಬಸ್ಸಿಗೆ ಬರ್ತೇನಿ!"

ಬಂದದ್ದು ತನಗೆ ಸಾಕೆನಿಸಿದ ಮೇಲೆ. ತೊಟ್ಟಿಕ್ಕುವ ಸೀರೆಯಲ್ಲಿ ಬಸ್ಸು ಹತ್ತಿ, ಸೀಟು ತೋಯಬಾರದೆಂದು ನಿಂತೇ ಬಂದಳು. ಹಡಗಿನ ಏಣಿಯ ಹತ್ತಿರ ಕಾವಲುಗಾರರು ಹೊರಳಿ ಹೊರಳಿ ನೋಡಿದರು. ನಾಲ್ಕಕ್ಕೆ ಇನ್ನೂ ಐದು ನಿಮಿಷವಿತ್ತು.

ಊರಿಗೆ ಬಂದ ವಾರದೊಳಗೆ ಕಾಕಾ ಹೊಲದ ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿ ಕೀಲಿ ಜಡಿದ. ಪದ್ದಕ್ಕ ಅದನ್ನು ನೋಡಿ ಬಂದು, "ಕುಲಗೋಡದಾಗ ನಿಮ್ಮ ತವರಮನಿ ಬಾವಿ ಐತೆಲ್ಲ?" ಎಂದು ನನ್ನನ್ನು ಕೇಳಿದಳು. ಪ್ರತಿ ರವಿವಾರ ಬಸ್ಸಿನಲ್ಲಿ ಕುಲಗೋಡಕ್ಕೆ ಹೋಗಿ, ನನಗೂ ನನ್ನ ನಾದಿನಿ ಶಾಂತಾಗೂ, ಓಣಿಯ ಇನ್ನೂ ಮೂವರಿಗೂ ಈಸು ಕಲಿಸಿದಳು. ಐವತ್ತರ ನಾನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒದರಿದರೆ, ಮೆಟ್ಟಿಲ ಮೇಲಿಂದ, "ಬಾಯಿ ಮುಚ್ಚು, ಕಾಲು ಬಡಿ! ಸಾರಿಗೆ ಉಪ್ಪು ಹಾಕಾಕ ಇರೂ ಧೈರ್ಯ ಇಲ್ಲ್ಯಾಕ ಇಲ್ಲ?" ಎಂದು ಬೈಯುತ್ತಿದ್ದಳು.

ಈ ಚಳಿಗಾಲದಲ್ಲಿ ನಾಲ್ಕು ದಿನದ ಜ್ವರ ಆಕೆಯನ್ನು ಒಯ್ದಿತು.

ಮನೆಯ ಪಡಸಾಲೆಯಲ್ಲಿ ಬಂಧುಗಳೆಲ್ಲ ಸೇರಿದ್ದರು. ಮುಂದೆ ಗಂಡಸರು, ಬಾಗಿಲ ಹಿಂದೆ ನಾವು. ಅಪ್ಪಾಸಾಹೇಬ ಕಾಕಾ ಕಣ್ಣೊರೆಸಿಕೊಂಡು ಎದ್ದು ನಿಂತ. ಅವನ ದುಃಖ ಖರೆಯೇ. "ನಮ್ಮ ವೈನಿ ಧರ್ಮದಾಕಿ. ಒಂದ ದಿವಸ ಹಿರೇರ ಮಾತು ಮೀರಲಿಲ್ಲ. ಹೊಸ್ತಿಲಾ ದಾಟಿ ದನಿ ಎತ್ತಲಿಲ್ಲ" ಎಂದ.

ನನಗೆ ನಾಲ್ಕು ಜನರ ಮುಂದೆ ಮಾತಾಡಿ ರೂಢಿಯಿಲ್ಲ. ಆದರೂ ಎದ್ದೆ. ಆಕೆ ಗೆದ್ದದ್ದನ್ನು ಆಕೆ ಸತ್ತ ಮೇಲೆ ಇವರು ಕಸಿದುಕೊಳ್ಳುತ್ತಿದ್ದರು.

"ಸುಳ್ಳರಿ ಕಾಕಾ. ಮೀರಿದ್ಳು. ಸಮುದ್ರದಾಗ ನಿಮ್ಮ ಮುಂದನ ಈಸಿದ್ಳು. ಅದನ್ನೂ ಹೇಳ್ರಿ."

ನನ್ನ ಹಿಂದೆ ಶಾಂತಾ ಎದ್ದಳು. "ನನಗೂ ಕಲಿಸ್ಯಾಳ್ರಿ." ಉಳಿದ ಮೂವರೂ ಎದ್ದರು.

ಕಾಕಾ ನೆಲ ನೋಡಿದ. ಆಮೇಲೆ ತನ್ನೊಳಗೇ ಎಂಬಂತೆ, "ಈಸತಿದ್ಳು. ಛಲೋ ಈಸತಿದ್ಳು" ಎಂದ.

"ಮುಂದ ಕುಂತವರಿಗೆ ಕೇಳ್ಸಿಲ್ರಿ" ಎಂದೆ ನಾನು.