ಉಪ್ಪು ಹಾಕಿದ ಐಸು

ತಂಗಿ ಕುಮಟಾ ಪೇಟೆಯಲ್ಲಿ ಮೀನು ಮಾರುತ್ತಾಳೆ. ಬುಟ್ಟಿಯ ತಳದಲ್ಲಿ ಉಳಿದ ಬಂಗಡೆಗಳನ್ನು ಹೊಳನಗದ್ದೆಯ ನಮ್ಮ ಮನೆಗೆ ತಂದು ಹುರಿದು, ತಾನು ಉಂಡು, ನನಗೆ ರಾತ್ರಿಗೆಂದು ಮುಚ್ಚಿಟ್ಟು ಗಂಡನ ಊರು ಅಘನಾಶಿನಿಯ ಬಸ್ಸು ಹತ್ತುವುದು ಅವಳ ರೂಢಿ. ಒಳ್ಳೆಯ ಮೀನನ್ನು ಮಾರುವವಳೇ ತಿಂದರೆ ಆದೀತೇ ಎಂದು ನಗುತ್ತಿದ್ದಳು.

ಆ ಮಧ್ಯಾಹ್ನ ಉಂಡು ಬಾಳೆಲೆ ಎತ್ತುವಷ್ಟರಲ್ಲಿ ಅವಳ ಮುಖ, ಕಿವಿ, ಕತ್ತು ಕೆಂಪಾಗಿ ಎದೆ ಬಡಿದುಕೊಳ್ಳತೊಡಗಿತು. ರಿಕ್ಷಾ ಹಿಡಿದು, ನಾನು ಕೆಲಸ ಮಾಡುವ ಲ್ಯಾಬಿನ ಪಕ್ಕದ ದವಾಖಾನೆಗೆ ಬಂದಳು. ಹೀಗಾದದ್ದು ಎರಡನೇ ಸಲ. ಇಂಜೆಕ್ಷನ್ ಕೊಟ್ಟ ಮೇಲೆ ಡಾಕ್ಟರು ನನ್ನನ್ನು ಆಚೆ ಕರೆದರು. ಮೀನೇ ಇವಳ ಮೈಗೆ ಆಗದಿದ್ದರೆ ತಿನ್ನುವುದಷ್ಟೇ ಅಲ್ಲ, ಮುಟ್ಟುವುದನ್ನೂ ಬಿಡಬೇಕಾದೀತು ಎಂದರು. ಅಲರ್ಜಿಯಾದಾಗ ಮೈ ಹೊರಬಿಡುವ ಹಿಸ್ಟಮಿನ್, ಬಿಸಿಲಲ್ಲಿ ಕೂತ ಬಂಗಡೆಯಲ್ಲೂ ಹುಟ್ಟುತ್ತದಂತೆ, ಹುರಿದರೂ ಹೋಗದಂತೆ. ಅದು ಏರಿದೆಯೇ ಎಂದು ರಕ್ತದಲ್ಲಿ ನೋಡಬೇಕು, ಎಲ್ಲಿಂದ ಬಂತೆಂದು ಉಳಿದ ಮೀನಿನಲ್ಲಿ ನೋಡಬೇಕು.

ರಕ್ತ ನಾನೇ ತೆಗೆದೆ. ದಿನವೂ ಮಾಡುವ ಕೆಲಸ, ಆದರೂ ಅಂದು ನರವನ್ನು ಎರಡೆರಡು ಸಲ ತಡವಿ ನೋಡಿದೆ. ರಕ್ತದಲ್ಲಿನ ಹಿಸ್ಟಮಿನ್ ಬೇಗ ಇಳಿದುಹೋಗುತ್ತದೆ. ಇನ್ನೊಮ್ಮೆ ತೆಗೆಯುತ್ತೇನೆಂದರೆ ಇನ್ನೊಮ್ಮೆ ಅವಳ ಮುಖ ಕೆಂಪಾಗಬೇಕು. ಕಣಗಳನ್ನು ಬೇರ್ಪಡಿಸಲು ರಕ್ತ ತಿರುಗಿಸುವ ನಮ್ಮಲ್ಲಿಯ ಯಂತ್ರ ಬಿಸಿಯಾಗುತ್ತದೆ. ತಣ್ಣಗಿಟ್ಟು ತಿರುಗಿಸುವಂಥದು ಹೊನ್ನಾವರದ ಲ್ಯಾಬಿನಲ್ಲಿತ್ತು. ಅಷ್ಟರಲ್ಲಿ ತಂಗಿಯ ಗಂಡ ಬೋಟಿನಿಂದ ಇಳಿದವನು ಬೈಕಿನಲ್ಲೇ ಬಂದ. ರಕ್ತದ ಕೊಳವೆಯನ್ನು ಅವನ ಕೈಗಿಟ್ಟು, ಐಸಿನಲ್ಲಿಟ್ಟು ಒಯ್ಯಲು ಹೇಳಿದೆ. ದಾರಿಯಲ್ಲಿ ನಮ್ಮ ಮನೆ ಹೊಕ್ಕು, ಮುಚ್ಚಿಟ್ಟ ಮೀನನ್ನೂ ಡಬ್ಬಿಗೆ ಹಾಕಿಕೊಳ್ಳಲು ಹೇಳಿ ತಂಗಿಯ ಮಂಚಕ್ಕೆ ಮರಳಿದೆ.

ಸಂಜೆ ಹೊನ್ನಾವರದಿಂದ ಫೋನು ಬಂತು. ರಕ್ತ ಮಂಜುಗಡ್ಡೆಯ ಹಾಗೆ ಗಟ್ಟಿಯಾಗಿ ಬಂದಿದೆ, ಕಣಗಳೆಲ್ಲ ಒಡೆದಿವೆ ಎಂದರು. ಒಡೆದ ಕಣದೊಳಗಿನ ಹಿಸ್ಟಮಿನ್ ಹೊರಗೆ ಬಂದು ಬೆರೆತರೆ ಲೆಕ್ಕ ಸುಳ್ಳಾಗುತ್ತದೆ. ಬರೀ ಐಸು ಹಾಗೆ ಮಾಡುವುದಿಲ್ಲ. ಮರಳಿ ಬಂದವನನ್ನು ಕೇಳಿದೆ.

“ಒಂದು ಮುಷ್ಟಿ ಕಲ್ಲುಪ್ಪು ಹಾಕ್ದೆ ಅಕ್ಕ. ಉಪ್ಪು ಹಾಕದಿದ್ರೆ ಬರೀ ಐಸಿನ ಚಳಿ ಸಾಕಾಗ್ತದಾ?”

ಐಸಿಗೆ ಉಪ್ಪು ಬಿದ್ದರೆ ರಕ್ತವೂ ಗಟ್ಟಿಯಾಗುವಷ್ಟು ಚಳಿ ಏರುತ್ತದೆ. ದೂರ ಹೋಗುವ ಮೀನಿಗೆ ಅವನು ಹಾಗೆಯೇ ಮಾಡುತ್ತಾನೆ. ಹೆಂಡತಿಯ ರಕ್ತಕ್ಕೆ ಅದಕ್ಕಿಂತ ಕಡಿಮೆ ಮಾಡುವುದು ಹೇಗೆ? ಬಯ್ಯದೆ, ಮೀನಿನ ಬಗ್ಗೆ ಕೇಳಿದೆ.

“ಮೀನಿನ ಡಬ್ಬಿ ಎಂತ ಮಾಡ್ದೆ?”

“ಅದನ್ನೂ ಅದ್ರೊಳಗೇ ಇಟ್ಟಿದ್ದೆ. ಲ್ಯಾಬಿನವ್ರು ಮಂಗಳೂರಿಗೆ ಕಳಿಸ್ತ್ರು ಅಂತೆ.”

ರಕ್ತವನ್ನು ಕೆಡಿಸಿದ ಚಳಿ ಮೀನನ್ನು ಕೆಡದಂತೆ ಹಿಡಿದಿತ್ತು. ಮಂಗಳೂರಿನಲ್ಲಿ ಅದನ್ನು ಅರೆದು, ಸೋಸಿ, ಬಣ್ಣ ಬರುವ ದ್ರಾವಣ ಸೇರಿಸಿ ಯಂತ್ರಕ್ಕೆ ತೋರಿಸುತ್ತಾರೆ. ಉತ್ತರ ಬರುವ ತನಕ ತಂಗಿ ಬುಟ್ಟಿ ಮುಟ್ಟಲಿಲ್ಲ. ನಮ್ಮ ಜಗಲಿಯಲ್ಲಿ ಕೂತು, ಕೈಯನ್ನು ಮೂಸಿ ನೋಡಿಕೊಳ್ಳುತ್ತಿದ್ದಳು.

ಮೀನಿನಲ್ಲೇ ಹಿಸ್ಟಮಿನ್ ವಿಪರೀತ ಇದೆ ಎಂದು ಬಂತು; ತಪ್ಪು ಬಿಸಿಲಿನದು, ಅವಳ ಮೈಯದಲ್ಲ. ನಾನು ಹಗುರಾದೆ, ಅವಳು ಆಗಲಿಲ್ಲ. ಆ ಬುಟ್ಟಿಯಿಂದ ಕೊಂಡವರ ಮನೆಗಳನ್ನು ಒಂದೊಂದಾಗಿ ನೆನೆದು ವಿಚಾರಿಸಿ ಬಂದಳು. ಬಿಸಿಲೇರುವ ಮೊದಲೇ ಕೊಂಡಿದ್ದ ಅವರಿಗೆ ಎಂತದೂ ಆಗಿರಲಿಲ್ಲ. ಅಲರ್ಜಿಯೂ ಜೊತೆಗಿಲ್ಲ ಎಂದು ಹೇಳಲು ಡಾಕ್ಟರಿಗೂ ಪೂರ್ತಿ ಧೈರ್ಯವಿರಲಿಲ್ಲ. ತಾಜಾ ಮೀನನ್ನು ತಮ್ಮೆದುರೇ ತಿಂದು ನೋಡಲಿ ಎಂದರು.

ಹಾಗಾಗಿ ಒಂದು ಬೆಳಿಗ್ಗೆ, ಗಂಡನ ಬೋಟಿನಿಂದಲೇ ಬಂದ ಬಂಗಡೆಯ ಹುರಿದ ಚೂರನ್ನು ಅವಳು ದವಾಖಾನೆಯ ಮಂಚದ ಮೇಲೆ ಕೂತು ಬಾಯಿಗಿಟ್ಟಳು. ಡಾಕ್ಟರು ಇಂಜೆಕ್ಷನ್ ತಯಾರಿಟ್ಟಿದ್ದರು. ನನ್ನ ಪಕ್ಕದಲ್ಲಿ ಖಾಲಿ ಕೊಳವೆ, ಉಪ್ಪಿಲ್ಲದ ಐಸಿನಲ್ಲಿ.

“ಅಕ್ಕ, ನನ್ನ ಕಿವಿ ನೋಡೂದು ಬಿಡು. ನುಂಗೂಕೆ ಆಗ್ತಿಲ್ಲ.”

ನಾನು ಕಿಟಕಿಯತ್ತ ತಿರುಗಿದೆ. ಗಾಜಿನಲ್ಲಿಯೂ ಅವಳ ಕಿವಿ ಕಾಣುತ್ತಿತ್ತು. ಐಸು ಕರಗಿ ಕೊಳವೆ ನೀರಿನಲ್ಲಿ ತೇಲುವ ತನಕ ಆ ಕಿವಿ ಬಣ್ಣ ಬದಲಿಸಲಿಲ್ಲ. ಆಮೇಲೆ ಅವಳು ಉಳಿದ ಚೂರನ್ನೂ ತಿಂದಳು.