ಅಮಾವಾಸ್ಯೆಯ ಹದಿನಾಲ್ಕು ಕಿಲೋ

೨೦೦೫ರ ತೊಗರಿ ಸುಗ್ಗಿಯ ಹೊತ್ತಿಗೆ ನಾನೂ ನನ್ನ ಹೆಂಡತಿ ಮಹಾನಂದಾಳೂ ಹುಮನಾಬಾದಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತಿದ್ದೆವು. ನನ್ನದು ಐಟಿಐ ಓದು; ಸ್ಕ್ರೂ ಬಿಚ್ಚುವುದು, ಬೆಸುಗೆ ಹಾಕುವುದು ನನ್ನ ಪಾಲು. ಗುಲಬರ್ಗಾದಲ್ಲಿ ಎಂಸಿಎ ಮುಗಿಸಿದ್ದ ಅವಳು ಪ್ರೋಗ್ರಾಂ ಬರೆಯುತ್ತಿದ್ದಳು.

ಆ ವರ್ಷ ಬಸವಕಲ್ಯಾಣದ ಒಂದು ದಾಲ್ ಮಿಲ್ಲಿನ ಕಂಪ್ಯೂಟರ್ ಸುಟ್ಟುಹೋಯಿತು. ಅಲ್ಲಿ ನೆಲದಿಂದ ಗೇಣುದ್ದ ಎತ್ತರದ ಒಂದು ಕಬ್ಬಿಣದ ಹಲಗೆ ಇತ್ತು. ಅದರ ಮೇಲೆ ಹತ್ತು ಚೀಲ ಒಟ್ಟಿದರೆ ತೂಕ ಕಂಪ್ಯೂಟರಿನೊಳಗೆ ಕೂರಿಸಿದ ಒಂದು ಕಾರ್ಡಿನ ಮೂಲಕ ಪರದೆಗೆ ಬರುತ್ತಿತ್ತು. ಇಂಥ ಕಾರ್ಡಿನ ಮಾತು ಕಂಪ್ಯೂಟರಿಗೆ ತಿಳಿಯಬೇಕಾದರೆ ಡ್ರೈವರ್ ಎಂಬ ಪ್ರೋಗ್ರಾಂ ಬೇಕು. ಅದು ಆಪರೇಟಿಂಗ್ ಸಿಸ್ಟಮಿನ ಒಡಲಾದ ಕರ್ನೆಲ್‌ನೊಳಗೆ ಕುಳಿತು ದುಡಿಯುತ್ತದೆ. ಮಿಲ್ಲಿನಲ್ಲಿದ್ದದ್ದು ಲಿನಕ್ಸ್. ಅದರ ಕರ್ನೆಲ್ ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ ಬರಹ. ಆದರೆ ಕಾರ್ಡು ಮಾರಿದವರು ಡ್ರೈವರ್‌ನ ಬರಹ ಕೊಟ್ಟಿರಲಿಲ್ಲ, ಓದಲಾಗದ ಸಿದ್ಧ ಫೈಲು ಮಾತ್ರ ಕೊಟ್ಟಿದ್ದರು. ಹೊಸ ಕಂಪ್ಯೂಟರಿಗೆ ಹೊಸ ಕರ್ನೆಲ್ ಬೇಕಿತ್ತು. ಆ ಫೈಲು ಅದರಲ್ಲಿ ಸೇರಲೊಲ್ಲದು. ಮಾರಿದವರನ್ನು ಕೇಳಿದರೆ ಹೊಸ ಕಾರ್ಡು ಕೊಳ್ಳಿರಿ ಎಂದರು.

ನಮ್ಮ ಅಂಗಡಿಯ ಹಳೆಯ ಕಂಪ್ಯೂಟರ್ ಒಂದರಲ್ಲಿ ಹಳೆಯ ಡ್ರೈವರ್ ಹಾಕಿ ಮಿಲ್ಲಿನ ಕೆಲಸ ನಿಲ್ಲದಂತೆ ನೋಡಿಕೊಂಡೆವು. ಅಷ್ಟರಲ್ಲಿ ಕಾರ್ಡಿನ ಚಿಪ್‌ನ ವಿವರ ಹುಡುಕಿ, ಮಹಾನಂದಾ ತಾನೇ ಹೊಸ ಡ್ರೈವರ್ ಬರೆಯಲು ಕುಳಿತಳು.

ಆಗ ಅಲ್ಲಿ ಇನ್ನೊಂದು ಗೋಜಲು ನಡೆದಿತ್ತು. ಮಂಠಾಳದ ಕೆಲವು ರೈತರು ಮನೆಯಲ್ಲಿ ತೂಗಿ ತಂದ ತೊಗರಿ ಮಿಲ್ಲಿನಲ್ಲಿ ಕಮ್ಮಿ ಬರುತ್ತದೆ ಎನ್ನುತ್ತಿದ್ದರು, ಅದೂ ಅಮಾವಾಸ್ಯೆಯ ದಿನ. ಕತ್ತಲ ದಿನ ಕಾಳು ಹಗುರಾಗುತ್ತದೆ ಎಂದು ಹಿರಿಯರು ಸುಮ್ಮನಾದರು. ಉಳಿದವರ ಕಣ್ಣು ಹಮಾಲ ಪಾಂಡುವಿನ ಮೇಲೆ ಬಿತ್ತು. ಅವನು ಕೊಹಿನೂರು ಎಂಬ ಊರಿನವನು, ಹಲಗೆಗೆ ಚೀಲ ಏರಿಸುವವನು. ಅಂಚಿನ ಕೆಳಗೆ ಕಾಲು ಕೊಟ್ಟು ಹಲಗೆ ಎತ್ತುತ್ತಾನೆ ಎಂಬ ಮಾತು ಹಬ್ಬಿತು. ಮಿಲ್ಲಿನ ಹೆಸರು ಉಳಿಸಿಕೊಳ್ಳಲು ಮಾಲೀಕ ಬಸಣ್ಣನವರು, “ಈ ಅಮಾಸಿ ಮುಗೀಲಿ, ನೀ ಬ್ಯಾರೆ ಕಡಿ ಕೆಲಸಾ ನೋಡ್ಕೊ” ಎಂದು ಪಾಂಡುವಿಗೆ ಹೇಳಿಬಿಟ್ಟಿದ್ದರು.

ಆ ಅಮಾವಾಸ್ಯೆಯ ಬೆಳಿಗ್ಗೆಯೇ ನಾವು ಹೊಸ ಕಂಪ್ಯೂಟರ್ ಜೋಡಿಸಿದೆವು. ಹಲಗೆಯ ಮೇಲೆ ನೀರು ತುಂಬಿದ ತಾಮ್ರದ ಕೊಡ ಇಟ್ಟು, ಕುಂಕುಮ ಹಚ್ಚಿ, ಕಾಯಿ ಒಡೆದು ಬಸಣ್ಣನವರು ಪೂಜೆ ಮಾಡಿದರು. ಊದುಬತ್ತಿ ಹಿಡಿದ ಕೈಯಿಂದಲೇ ಕಂಪ್ಯೂಟರಿನ ಗುಂಡಿ ಒತ್ತಿದರು. ಪರದೆಯಲ್ಲಿ ಹದಿನಾಲ್ಕು ಮೂಡಿತು.

“ಏನವಾ ತಂಗಿ, ಖಾಲಿ ಹಲಗಿ ಹದಿನಾಲ್ಕು ಕಿಲೋ ಹ್ಯಾಂಗ ತೂಗಾಕತ್ತದ?”

“ಖಾಲಿ ಎಲ್ಲದ್ರಿ ಕಾಕಾ? ಲಕ್ಷ್ಮೀ ಕುಂತಾಳಲ್ರಿ.”

ನಗುತ್ತಿದ್ದವಳು ತಟ್ಟನೆ ನಿಂತಳು. “ಪ್ರತಿ ಅಮಾಸಿಗೂ ಹಿಂಗೇ ಏನ್ರಿ? ಕೊಡ ಇರಬೇಕಾದ್ರೇ ಮಷೀನ್ ಚಾಲೂ ಮಾಡ್ತೀರಿ?”

“ಹೌದು. ಪೂಜಿ ಆದಮ್ಯಾಗ ಇಳಸ್ತೀವಿ. ಯಾಕ?”

ಅವಳು ನನ್ನತ್ತ ತಿರುಗಿ, “ರೀ, ಹಳೀದು ಒಂದ್ಸಲ ಹಚ್ಚರಿ” ಎಂದಳು. ಕಾರ್ಡನ್ನು ಹಳೆಯ ಕಂಪ್ಯೂಟರಿಗೆ ಹಾಕಿದೆ. ಕೊಡ ಇದ್ದಾಗಲೇ ಶುರುಮಾಡಿದೆವು: ಸೊನ್ನೆ. ಕೊಡ ಇಳಿಸಿದೆವು: ಆಗಲೂ ಸೊನ್ನೆ. ಹತ್ತು ಚೀಲ ಏರಿಸಿದರೆ ಹದಿನಾಲ್ಕು ಕಿಲೋ ಕಮ್ಮಿ. ಶುರುವಾಗುವಾಗ ಹಲಗೆಯ ಮೇಲೆ ಏನಿದ್ದರೂ ಆ ಮುಚ್ಚಿದ ಡ್ರೈವರ್ ಅದನ್ನೇ ಸೊನ್ನೆ ಎಂದು ಹಿಡಿಯುತ್ತಿತ್ತು. ಸೊನ್ನೆಗಿಂತ ಕೆಳಗಿಳಿದರೆ ಅದನ್ನೂ ಸೊನ್ನೆಯೆಂದೇ ತೋರಿಸುತ್ತಿತ್ತು. ಮಹಾನಂದಾ ಬರೆದದ್ದು ಹಾಗೆ ಮಾಡದೆ ಇದ್ದ ತೂಕವನ್ನು ಇದ್ದಂತೆ ತೋರಿಸಿತ್ತು. ಒಳಗಿನ ಬರಹ ಕಂಡಿದ್ದರೆ ಓದಿದವರಿಗೆ ಅಂದೇ ತಿಳಿಯುತ್ತಿತ್ತು.

ಬಸಣ್ಣನವರು ಒಡೆದ ಕಾಯಿಯ ಹೋಳನ್ನು ಮೊದಲು ಪಾಂಡುವಿನ ಕೈಗಿಟ್ಟರು. “ನಾಳಿ ಲಗೂನ ಬಾ” ಎಂದರು.

ಪಾಂಡು ಹೋಳನ್ನು ಹಣೆಗೆ ಒತ್ತಿಕೊಂಡ. “ಅಕ್ಕಾ, ಇಷ್ಟ ದಿನ ನನ್ನ ಕಾಲಿಗೆ ಬೈದ್ರು. ಕೊಡಕ್ಕ ಬೈಯವ್ರು ಯಾರೂ ಇಲ್ಲ ನೋಡ್ರಿ.”

“ಪೂಜಿ ಬ್ಯಾಡ ಅನ್ನಂಗಿಲ್ಲ ಕಾಕಾ,” ಎಂದಳು ಮಹಾನಂದಾ. “ಕೊಡ ಇಳಿಸಿ ಮಷೀನ್ ಚಾಲೂ ಮಾಡ್ರಿ.” ಮನೆಗೆ ಬಂದ ಮೇಲೆ ತನ್ನ ಡ್ರೈವರ್‌ನಲ್ಲಿ ಸೊನ್ನೆ ಹಿಡಿಯುವ ಜಾಗವನ್ನು ಇನ್ನೊಮ್ಮೆ ನೋಡಿ, ಪಕ್ಕದಲ್ಲಿ ಏನೋ ಬರೆದಿಟ್ಟಳು. ಬರಹದ ಒಂದು ಪ್ರತಿಯನ್ನು ಮಿಲ್ಲಿಗೂ ಕೊಟ್ಟಳು. ಅವರಿಗೇಕೆ ಎಂದು ಕೇಳಿದ್ದೆ. “ನಾಳೆ ನಾವಿರದಿದ್ರ?” ಎಂದಿದ್ದಳು. ಅಂಗಡಿ ಮುಚ್ಚಿದರೆ ಎಂಬ ಅರ್ಥದಲ್ಲಿ ಹೇಳಿದ್ದಾಳೆ ಎಂದುಕೊಂಡಿದ್ದೆ.

೨೦೦೮ರ ಶ್ರಾವಣದಲ್ಲಿ ಮಹಾನಂದಾ ತೀರಿಕೊಂಡಳು. ಅಂಗಡಿ ನಡೆದಿದೆ. ಎರಡು ಕುರ್ಚಿಗಳಲ್ಲಿ ಒಂದನ್ನು ಗೋಡೆಗೆ ಸರಿಸಿದ್ದೇನೆ. ಬಂದ ಗಿರಾಕಿ ಅದರಲ್ಲಿ ಕೂತರೆ ಏನೂ ಅನ್ನುವುದಿಲ್ಲ.

ಈ ಸುಗ್ಗಿಯಲ್ಲಿ ಮಿಲ್ಲಿನವರು ಮತ್ತೆ ಕಂಪ್ಯೂಟರ್ ಬದಲಿಸಿದರು. ಕರ್ನೆಲ್ ಮುಂದೆ ಹೋಗಿತ್ತು. ಅವಳ ಡ್ರೈವರ್ ಅದಕ್ಕೆ ಹೊಂದಲಿಲ್ಲ. ಪಾಂಡು ಫೋನ್ ಮಾಡಿ, “ಅಣ್ಣಾ, ಅಕ್ಕಂದು ನಿಂತದರಿ” ಎಂದ. ಮೊದಲ ಸಲ ಅವಳ ಬರಹವನ್ನು ನಾನೇ ತೆರೆದು ಕೂತೆ. ಸಾಲುಗಳ ನಡುವೆ ಅಲ್ಲಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಿದ್ದಳು: ಇದು ಯಾಕೆ, ಅದು ಯಾಕೆ. ನನ್ನಂಥವನಿಗೂ ತಿಳಿಯುವಷ್ಟು ಬಿಡಿಸಿ. ಸೊನ್ನೆ ಹಿಡಿಯುವ ಜಾಗದಲ್ಲಿ ಹೀಗಿತ್ತು: “ರೀ, ಇಲ್ಲಿ ಕೈ ಹಾಕೋ ಮುಂಚೆ ನನ್ನ ಕೇಳ್ರಿ.”

ಆ ಜಾಗವನ್ನು ಮುಟ್ಟದೆ, ಉಳಿದ ಕಡೆ ಬೇಕಾದಷ್ಟು ತಿದ್ದಿದೆ. ತೂಕ ಸರಿ ಬಂತು. ಬರೆದವರು ಹೋದ ಮೇಲೂ ಕೆಲಸ ನಡೆಯಬೇಕಾದರೆ ಬರಹ ತೆರೆದಿರಬೇಕು ಎಂಬುದನ್ನು ಈ ವೃತ್ತಿ ನನಗೆ ಕಲಿಸಿದೆ. ಮಹಾನಂದಾ ಎಲ್ಲವನ್ನೂ ತೆರೆದಿಟ್ಟೇ ಹೋಗಿದ್ದಾಳೆ. ಕೇಳೋಣವೆಂದರೆ ಅವಳಿಲ್ಲ.