ಹಿಂದಿನ ಸೀಟಿನ ಮೇಸ್ತ್ರಿ

ಮೇಸ್ತ್ರಿಯ ಎಡಗೈ ಹೆಬ್ಬೆರಳಿನ ಉಗುರು ಕೊಂಬಿನಷ್ಟು ದಪ್ಪವಾಗಿ, ಹಳದಿಗೆ ತಿರುಗಿತ್ತು. ಉಳಿದ ಒಂಬತ್ತನ್ನೂ ಮೋಟಾಗಿ ಕತ್ತರಿಸಿಕೊಂಡು ಅದೊಂದನ್ನು ಮಾತ್ರ ಬೆಳೆಸಿದ್ದರು. ಅವರ ಗ್ಯಾರೇಜಿಗೆ ಯಾವ ಹಳೆಯ ಬೈಕು ಬಂದು ನಿಂತರೂ ಮೊದಲು ಕುಕ್ಕರಗಾಲಲ್ಲಿ ಕೂತು ಆ ಉಗುರನ್ನು ಟೈರಿಗೆ ಒತ್ತುವರು. ಗುರುತು ಮೂಡಿದರೆ ತಲೆಯಾಡಿಸುವರು. ನನ್ನ ಬೈಕಿನ ಟೈರಿನಲ್ಲಿ ಗುರುತು ಮೂಡಲಿಲ್ಲ.

“ಟೀಚರಮ್ಮ, ಇದು ರಬ್ಬರಲ್ಲ, ಕಲ್ಲಾಗೈತೆ.”

“ಗೀರು ಎಷ್ಟು ಆಳ ಇದೆ ನೋಡ್ರಿ ಮೇಸ್ತ್ರಿ, ಸವೆದೇ ಇಲ್ಲ.”

“ಓಡಿದ್ರಲ್ಲವ್ವ ಸವೆಯಾದು? ಶೆಡ್ಡಲ್ಲಿ ನಿಂತು ಒಣಗೈತೆ. ನೋಡಾಕೆ ಹೊಸದು, ರಸ್ತೆ ಹಿಡಿಯಾಕೆ ಬರಲ್ಲ.”

ಅದು ಹಿರಿಯೂರಿನ ಪರಿಚಯದವರೊಬ್ಬರಿಂದ ಕೊಂಡ ಸೆಕೆಂಡ್ ಹ್ಯಾಂಡ್ ಕ್ರೂಸರ್ ಬೈಕು. ಉದ್ದ ಮೈ, ತಗ್ಗಿದ ಸೀಟು. ಆಕ್ಸಿಲೇಟರ್ ತಿರುವಿದರೆ ಮೈ ಹಿಂದಕ್ಕೆ ವಾಲುವಷ್ಟು ಜೋರು. ದುರ್ಗದಿಂದ ಹೊಳಲ್ಕೆರೆಯ ಕಾಲೇಜಿಗೆ ದಿನಾ ಪಾಠ ಮಾಡಲು ಹೋಗುವ ನನಗೆ ಅದರ ಮೇಲೆ ಬಹಳ ಆಸೆ. ಏನೇನು ಬದಲಾಯಿಸಬೇಕೆಂದು ಪಟ್ಟಿಯನ್ನೇ ಬರೆದುಕೊಂಡು ಹೋಗಿದ್ದೆ. ಮೊದಲನೆಯದು ಗಟ್ಟಿ ಸದ್ದಿನ ಸೈಲೆನ್ಸರ್. ಬಸ್ಸಿನವರು, ಕಾರಿನವರು ನಾನು ರಸ್ತೆಯಲ್ಲಿ ಇಲ್ಲವೇ ಇಲ್ಲ ಎಂಬಂತೆ ಅಡ್ಡ ನುಗ್ಗುತ್ತಿದ್ದರು. ಸದ್ದಿದ್ದರೆ ದಾರಿ ಬಿಡುತ್ತಾರೆ ಎಂಬುದು ನನ್ನ ಲೆಕ್ಕ.

ಮೇಸ್ತ್ರಿ ನನ್ನ ಪಟ್ಟಿ ಓದಿ ಮಡಿಸಿ ಜೇಬಿಗೆ ಹಾಕಿಕೊಂಡರು. “ಎರಡು ಟೈರು, ಮುಂದಿನ ಬ್ರೇಕು. ಆಮೇಲೆ ಹ್ಯಾಂಡಲ್ ಒಂಚೂರು ನಿನ್ನ ಕಡೆಗೆ ತರಾಣ, ಕೈ ಎಟುಕಿಸಿ ಎಟುಕಿಸಿ ಹೆಗಲು ನೋಯ್ತಾ ಇರ್ಬೇಕಲ್ಲ? ಸೈಲೆನ್ಸರ್ ಕಡೀಗೆ. ಗಾಡಿ ಮೊದ್ಲು ನಿಲ್ಲಾದು ಕಲೀಲಿ.”

ಹೆಗಲು ನೋಯುತ್ತಿದ್ದುದು ನಿಜ. ಆದರೆ ನಾನದನ್ನು ಅವರಿಗೆ ಹೇಳಿರಲಿಲ್ಲ.

ಅವರದೊಂದು ಪದ್ಧತಿಯಿತ್ತು. ಬೈಕಿನ ಒಂದು ಬೋಲ್ಟು ಬಿಚ್ಚುವ ಮೊದಲು ಅದರ ಯಜಮಾನರ ಹಿಂದೆ ಕೂತು ಒಂದು ಸುತ್ತು ಹೋಗಿಬರಬೇಕು. “ಹಿಂದೆ ಕುಂತ್ರೆ ಗಾಡಿ ಕಾಯಿಲೆ ಗೊತ್ತಾಗ್ತೈತೆ, ಓಡಿಸೋರ ಕಾಯಿಲೆನೂ ಗೊತ್ತಾಗ್ತೈತೆ,” ಎನ್ನುತ್ತಿದ್ದರು. ಟೈರು ಬರಲು ಎರಡು ದಿನ ಬೇಕಿತ್ತು. ಅಷ್ಟರಲ್ಲಿ ಭಾನುವಾರ ಬಂತು. ನಾನು ದಾವಣಗೆರೆಗೆ ಹೋಗಿ ಸೈಲೆನ್ಸರ್ ಹಾಕಿಸಿಕೊಂಡು ಬಂದೆ.

ಸೋಮವಾರ ಸಂಜೆ ಮೇಸ್ತ್ರಿಯ ಗ್ಯಾರೇಜಿನ ಮುಂದೆ ಬಂದು ನಿಂತಾಗ ಆ ಸದ್ದಿಗೆ ಎದುರಿನ ಚಹಾದಂಗಡಿಯವನು ಹೊರಗೆ ಬಂದು ನಿಂತ. ಮೇಸ್ತ್ರಿ ಸೈಲೆನ್ಸರನ್ನು ಒಮ್ಮೆ ನೋಡಿದರು. ಹೆಲ್ಮೆಟ್ ತೊಟ್ಟು ಹಿಂದೆ ಕೂತರು.

“ಏನ್ ಮೇಸ್ತ್ರಿ, ಹೆಣ್ಮಗಳ ಹಿಂದೆ ಕುಂತ್ಕಂಡು ಎತ್ಲಾಗೆ ಸವಾರಿ?”

“ನಿನ್ ಹಿಂದೆ ಕುಂತ್ರೆ ನೀನು ಚಾ ಬಗ್ಗೆನೇ ಮಾತಾಡ್ತೀಯಲೇ, ಅದುಕ್ಕೆ!” ಎಂದವರು ನನ್ನ ಕಡೆ ತಿರುಗಿ, “ನಲವತ್ತು ದಾಟಬ್ಯಾಡ,” ಎಂದರು.

ಹೊಳಲ್ಕೆರೆ ರಸ್ತೆಯಲ್ಲಿ ಊರು ಮುಗಿಯುತ್ತಲೇ ನಾನು ನಲವತ್ತು ದಾಟಿದೆ. ಸದ್ದು ಕೇಳಿಸಬೇಕಿತ್ತು. ತಿರುವಿನಾಚೆ ಎಡಬದಿಯ ಮಣ್ಣಿನಲ್ಲಿ ಕುರಿಮಂದೆಯೊಂದು ಸಾಲಾಗಿ ನಡೆದಿತ್ತು. ದಾರಿಗೆ ಬರದಿರಲಿ ಎಂದು ನಾನು ಆಕ್ಸಿಲೇಟರನ್ನು ಎರಡು ಸಲ ಜೋರಾಗಿ ತಿರುವಿದೆ. ಆ ಅಬ್ಬರಕ್ಕೆ ಬೆದರಿ ಇಡೀ ಮಂದೆ ರಸ್ತೆಗೆ ನುಗ್ಗಿತು. ಮರಿಯೊಂದನ್ನು ಎತ್ತಿಕೊಂಡಿದ್ದ ಕುರಿಗಾಹಿ ಹೆಂಗಸು ಮಂದೆಯನ್ನು ತಡೆಯಲು ನೇರ ನನ್ನ ಮುಂದೆ ಓಡಿಬಂದಳು.

ಹಿಂದಿನ ಬ್ರೇಕನ್ನು ಪೂರ್ತಿ ತುಳಿದೆ. ಹಿಂದಿನ ಚಕ್ರ ಪಕ್ಕಕ್ಕೆ ಜಾರತೊಡಗಿತು. ಇದೊಂದು ಗಳಿಗೆ ನನಗೆ ಇಂದಿಗೂ ಮುಗಿದಿಲ್ಲ. ಪಾಠದ ಮಧ್ಯೆ, ಅನ್ನ ಕಲಸುವಾಗ, ಕಾಲಡಿಯ ಆ ಜಾರಿಕೆ ಮರಳಿ ಬರುತ್ತದೆ. ಆ ಹೆಂಗಸಿನ ಮುಖ ದೊಡ್ಡದಾಗುತ್ತ ಬರುತ್ತದೆ. ಆಗ ಕಿವಿಯ ಹತ್ತಿರ ಮೇಸ್ತ್ರಿಯ ದನಿ, ಸ್ಪ್ಯಾನರ್ ಕೇಳುವಾಗಿನಷ್ಟೇ ನಿಧಾನ: “ಕಾಲು ತೆಗಿ ತಾಯಿ. ಮುಂದಿಂದು ಮೆಲ್ಲಗೆ ಹಿಡಿ.”

ಕಾಲು ತೆಗೆದೆ. ಬೈಕು ನೆಟ್ಟಗಾಯಿತು. ಅವಳಿಂದ ಒಂದು ಮೊಳ ದೂರದಲ್ಲಿ ನಿಂತು, ಎಡಕ್ಕೆ ವಾಲಿ ಬಿತ್ತು. ನಾನು ಮೇಸ್ತ್ರಿಯ ಮೇಲೆ ಬಿದ್ದೆ. ಅವರ ಮೊಣಕೈ ಜಲ್ಲಿಯಲ್ಲಿ ಉಜ್ಜಿ ಚರ್ಮ ಸುಲಿಯಿತು.

“ಗಾಡಿಗೆ ಗರ್ನಾಲು ಪಟಾಕಿ ಕಟ್ಕಂಡು ಬಂದೀರೇನು? ಕುರಿಗೇನು ಗೊತ್ತು ನಿಮ್ ಶೋಕಿ!” ಎಂದು ಅವಳು ಮರಿಯನ್ನು ಎದೆಗೊತ್ತಿಕೊಂಡು ಬೈದಳು.

“ತಪ್ಪಾತವ್ವ. ಗಾಡಿ ನಂದು,” ಎಂದರು ಮೇಸ್ತ್ರಿ. ಅವಳು ಮಂದೆಯನ್ನು ಒಟ್ಟುಮಾಡಿ, ಎಲ್ಲ ಸರಿಯಿದೆ ಎನ್ನುವವರೆಗೂ ರಕ್ತ ಸೋರುವ ಕೈಯಲ್ಲೇ ನಿಂತಿದ್ದರು. ಆಮೇಲೆ ತಾವೇ ಓಡಿಸಿಕೊಂಡು ನನ್ನನ್ನು ಕರೆತಂದರು.

ಅಂಗಡಿ ಮುಂದೆ ಇಳಿದಾಗ ಚಹಾದವನು ಕೈ ನೋಡಿ ಗಾಬರಿಯಾದ.

“ನಾನೇ ಓಡಿಸ್ತಿದ್ದೆ ಕಣಲೇ. ಕುರಿ ಅಡ್ಡ ಬಂದ್ವು, ಬಿದ್ದೆ.”

ನಾನು ಪಕ್ಕದಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.

ಮೇಸ್ತ್ರಿ ಗಾಡಿಯಿಂದ ಬಿದ್ದದ್ದನ್ನು ಅದುವರೆಗೆ ಊರಲ್ಲಿ ಯಾರೂ ಕಂಡಿರಲಿಲ್ಲ. ಹಾಗಾಗಿ ಸುದ್ದಿ ಬೇಗ ಹಬ್ಬಿತು. “ಮೇಸ್ತ್ರಿ, ಇನ್ನು ಸೈಕಲ್ ಹಿಡ್ಕಳ್ರಿ” ಎಂದು ಗಿರಾಕಿಗಳು ಛೇಡಿಸಿದರು. ಇಬ್ಬರು ತಮ್ಮ ಬೈಕುಗಳನ್ನು ಬೇರೆ ಕಡೆ ಕೊಟ್ಟರು. ಮೇಸ್ತ್ರಿ ನಕ್ಕುಬಿಟ್ಟರು. ಬಿದ್ದ ಮರುದಿನವೇ ನನ್ನ ಕೈಗೆ ಸ್ಪ್ಯಾನರ್ ಕೊಟ್ಟು ಆ ಸೈಲೆನ್ಸರನ್ನು ನನ್ನಿಂದಲೇ ಬಿಚ್ಚಿಸಿದರು. ಟೈರು, ಬ್ರೇಕು, ಹ್ಯಾಂಡಲ್ ಅವರೇ ಹಾಕಿದರು. ನಾನು ನಿಜ ಹೇಳಿಬಿಡುತ್ತೇನೆ ಎಂದಾಗಲೆಲ್ಲ, “ಈಗ ಬ್ಯಾಡ, ಜನ ಆಡ್ಕಂತಾರೆ. ನೀನಿನ್ನೂ ದಿನಾ ಆ ರಸ್ತೇಲಿ ಓಡಾಡಬೇಕು,” ಎನ್ನುತ್ತಿದ್ದರು. ಆ ಮಾತು ನನಗೂ ಅನುಕೂಲವಾಗಿತ್ತು.

ಹೋದ ವರ್ಷ ಅವರು ತೀರಿಕೊಂಡರು. ಎದೆನೋವು ಎಂದು ಮಲಗಿದವರು ಏಳಲಿಲ್ಲ. ಮನೆಗೆ ಹೋದಾಗ ಅಂಗಳದಲ್ಲಿ ನಾಲ್ಕು ಜನ ಕೂತಿದ್ದರು. ಚಹಾದವನು ಕಣ್ಣೊರೆಸಿಕೊಳ್ಳುತ್ತಲೇ ಹೇಳುತ್ತಿದ್ದ: “ಎಂಥಾ ಕೈ! ಆದ್ರೂ ಕುರಿ ನೋಡಿ ಬಿದ್ದುಬಿಟ್ಟಿದ್ರಲ್ಲಪ್ಪ...”

“ಗಾಡಿ ಬೀಳಿಸಿದ್ದು ಅವರಲ್ಲ,” ಎಂದೆ. “ಓಡಿಸ್ತಿದ್ದೋಳು ನಾನು. ಅವರು ಹಿಂದೆ ಇದ್ದರು. ಅವತ್ತು ಅವರಿಲ್ಲದಿದ್ದರೆ ಆ ಹೆಂಗಸೂ ಉಳೀತಿರಲಿಲ್ಲ, ನಾನೂ ಉಳೀತಿರಲಿಲ್ಲ.” ಎಲ್ಲವನ್ನೂ ಹೇಳಿದೆ.

ಗೋಡೆಗೆ ಒರಗಿ ಕೂತಿದ್ದ ಅವರ ಹೆಂಡತಿ ನನ್ನನ್ನೇ ನೋಡಿದರು.

“ಆಮ್ಯಾಲೂ ನಿನ್ನ ಹಿಂದೆ ಕುಂತಿದ್ರೇನವ್ವ?”

“ಕುಂತಿದ್ರಮ್ಮ. ಟೈರು ಹಾಕಿದ ಮಾರನೇ ದಿನವೇ. ನನಗಿನ್ನೂ ಭಯ ಇತ್ತು. ಹೊಳಲ್ಕೆರೆವರೆಗೂ ಹೋಗಿಬಂದ್ವಿ. ದಾರಿಯುದ್ದಕ್ಕೂ ಏನೋ ಗುನುಗ್ತಿದ್ರು.”

“ಹಾಡಿದ್ರಾ?” ಅವರು ನೆಟ್ಟಗೆ ಕೂತರು. “ಯಾವ ಪದ?”

“ಮಾತು ತಿಳೀಲಿಲ್ಲಮ್ಮ. ರಾಗ ಅಷ್ಟೇ ಕೇಳ್ತಿತ್ತು.”

“ಪದದ ಮಾತು ಅವರಿಗೆ ಯಾವತ್ತು ಬರ್ತಿತ್ತು. ಮನಸ್ಸು ನಿರಾಳ ಇದ್ರೆ ಮಾತ್ರ ಗುನುಗೋರು,” ಎಂದು ನಕ್ಕರು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ಚಾಪೆಯ ಮೇಲೆ ಸ್ವಲ್ಪ ಸರಿದು ನನಗೆ ಜಾಗ ಮಾಡಿಕೊಟ್ಟರು.